ಸಾರಿಸಿದ ಗೋಡೆ

"ಬಂಗ್ಲೆ ಬೇಕೇನೇ ನಿಂಗೆ, ಮುಂಡೆ? ಸಾವ್ಕಾರ್ರ ಮೇಲೇ ಅರ್ಜಿ ಕೊಡುವಷ್ಟು ಸೊಕ್ಕು ಬಂತಾ?"

ತೋಟದ ಲೆಕ್ಕ ಬರೆಯುವ ರೈಟರ್ ದರ್ಶನ್ ಬೈಯುತ್ತಲೇ ಇದ್ದ. ಮುತ್ತಮ್ಮ ತಲೆಯೆತ್ತದೆ ಕಾಫಿ ಗಿಡದ ಬೇಡದ ಚಿಗುರು ಕೀಳುತ್ತಲೇ ಇದ್ದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು!

ಹೋದ ಮಳೆಗಾಲದಲ್ಲಿ ತೋಟದ ಆಳುಗಳ ಸಾಲುಮನೆಯಾದ ಲೈನಿನಲ್ಲಿ ಅವಳ ಮನೆಯ ಮುಂದಿನ ಕೋಣೆ ಕುಸಿದು, ಗಂಡ ಲಿಂಗಪ್ಪ ಅದರಡಿಯಲ್ಲೇ ಹೋಗಿದ್ದ. ಬಿದ್ದ ಮಣ್ಣನ್ನೆಲ್ಲ ಎತ್ತಿಹಾಕಿದ ಮೇಲೆ ಉಳಿದ ಒಂದು ಕೋಣೆಯ ಹಿಂಗೋಡೆಯೂ ನೆಲದಿಂದ ಸೂರಿನವರೆಗೆ ಬಿರಿದಿತ್ತು. ಮಳೆ ಹಿಡಿಯಲು ಇನ್ನೊಂದೇ ತಿಂಗಳು. ಕೆಲಸದವರಿಗೆ ವಾಸಕ್ಕೆ ಯೋಗ್ಯವಾದ ಮನೆ ಕೊಡುವುದು ಧರ್ಮವಲ್ಲ, ಕಾನೂನು ಎಂದು ಲೇಬರ್ ಆಫೀಸಿನಲ್ಲಿ ಹೇಳಿದ್ದರು.

ಲೈನಿನ ಏಳೂ ಮನೆಯವರು ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತೇವೆಂದಿದ್ದರು. ಒತ್ತಿದ್ದು ಇವಳೊಬ್ಬಳೇ. ಅಂದಿನಿಂದ ಇವಳು ನಲ್ಲಿಗೆ ಬಂದರೆ ಅಲ್ಲಿ ಮಾತು ನಿಲ್ಲುತ್ತಿತ್ತು. ಒಂದೇ ಚೀಲದ ಎಲೆಯಡಿಕೆ ತಿಂದ ಪಕ್ಕದ ಮನೆಯ ಮುದ್ದಮ್ಮನೂ ಮುಖ ತಿರುಗಿಸುತ್ತಿದ್ದಳು. ಅಯ್ಯೋ, ಬೈದಿದ್ದರೂ ಒಂದು ಮಾತಾಗುತ್ತಿತ್ತಲ್ಲ!

ಅದಕ್ಕೇ, ಲೇಬರ್ ಆಫೀಸಿನ ಇನ್ಸ್‌ಪೆಕ್ಟರಮ್ಮ ಮನೆ ನೋಡಲು ಬರುತ್ತಾರೆ ಎಂದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಷ್ಟು ದಿನವಾಗಿತ್ತು ಒಬ್ಬರು ಒಳಗೆ ಬಂದು! ಮನೆಗೆ ಜನ ಬರುವಾಗ ಸಾರಿಸದೆ ಇರುವುದುಂಟೇ? ಬೆಳಗ್ಗೆ ಎದ್ದವಳೇ ಕೆಮ್ಮಣ್ಣು, ಸಗಣಿ ಕಲಸಿ ನೆಲ ಸಾರಿಸಿದಳು. ಅದೇ ಕೈಯಲ್ಲಿ ಗೋಡೆಗೂ ಬಳಿದಳು. ಬಿರುಕೆಲ್ಲ ಮುಚ್ಚಿ ಗೋಡೆ ನುಣ್ಣಗಾಯಿತು. ಆಮೇಲೆ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು.

ಇನ್ಸ್‌ಪೆಕ್ಟರ್ ರೂಪಶ್ರೀ ತೋಟದ ಸಾವ್ಕಾರ್ ವೆಂಕಟೇಶರ ಜೀಪಿನಲ್ಲೇ ಬಂದಿಳಿದರು.

"ಮನೆ ಎಷ್ಟು ಚೊಕ್ಕವಾಗಿದೆ! ಬಿರುಕು ಎಲ್ಲಿದೆಯಮ್ಮ?"

ಸಾವ್ಕಾರ್ರು ನಕ್ಕರು. "ನಾನು ಹೇಳ್ಲಿಲ್ವಾ ಮೇಡಂ? ಗಂಡ ಹೋದ ಮೇಲೆ ಇವಳ ತಲೆ ನೆಟ್ಟಗಿಲ್ಲ."

"ಅಲ್ಲೇ ಅದೆ ಅಮ್ಮೋರೆ! ನೀವು ಬತ್ತೀರಂತ ನಾನೇ ಬಳ್ದೆ... ಬೇಕಾದ್ರೆ ಮುದ್ದಮ್ಮನ್ನ ಕೇಳಿ."

ಬಾಗಿಲಲ್ಲಿ ನಿಂತಿದ್ದ ಮುದ್ದಮ್ಮ ನೆಲ ನೋಡಿದಳು. "ನಂಗೊಂದೂ ಗೊತ್ತಿಲ್ಲ."

ಮಣ್ಣಿನಡಿಯಿಂದ ಲಿಂಗಪ್ಪನ ಹೆಣವನ್ನು ಕಾಲು ಹಿಡಿದು ಎಳೆದವಳೇ ಅವಳು. ರೂಪಶ್ರೀ ಹಾಳೆಯಲ್ಲಿ ಬರೆದರು: ಮನೆ ಸುಸ್ಥಿತಿಯಲ್ಲಿದೆ.

ಮುತ್ತಮ್ಮ ಮೂಲೆಯ ಗುದ್ದಲಿ ಎತ್ತಿಕೊಂಡಳು.

"ಲೇ! ಎಂಥ ಮಾಡ್ತೀಯೇ?" ಸಾವ್ಕಾರ್ರ ಹಿಂದೆ ನಿಂತಿದ್ದ ದರ್ಶನ್ ಕಿರುಚಿದ.

"ಎಲ್ಲ ಹೊರಗೋಗಿ. ಬೀಳ್ತದೆ."

ಮೂರನೇ ಏಟಿಗೆ ಗೋಡೆ ಆಚೆಗೆ ಮಗುಚಿಕೊಂಡಿತು. ಸೂರಿನ ತಗಡು ಜೋತುಬಿತ್ತು. ಜೀಪಿನ ಹತ್ತಿರ ಓಡಿದ್ದ ಸಾವ್ಕಾರ್ರ ಬಿಳಿ ಅಂಗಿ ಕೆಮ್ಮಣ್ಣಿನ ಧೂಳಿಗೆ ಕೆಂಪಾಗಿತ್ತು.

"ಈಗ ಬರ್ಕೊಳ್ಳಿ ಅಮ್ಮೋರೆ, ಮನೆ ಹೆಂಗದೆ ಅಂತ!"

ರೂಪಶ್ರೀ ಬರೆದದ್ದನ್ನು ಹೊಡೆದುಹಾಕಿದರು. ಸಾವ್ಕಾರ್ರ ಕಡೆ ನೋಡದೆ ಫೋಟೋ ತೆಗೆಯತೊಡಗಿದರು.

"ಇವತ್ತೇ ಖಾಲಿ ಮಾಡ್ಬೇಕು ನೀನು!" ಸಾವ್ಕಾರ್ರು ಗುಡುಗಿದರು.

ಮುತ್ತಮ್ಮ ಮಣ್ಣಿನ ರಾಶಿಯ ಪಕ್ಕ ಚಾಪೆ ಹಾಸಿದಳು. "ಗೋಡೆ ಕಟ್ಟಿಸಿಕೊಡಿ. ಅಲ್ಲೀವರ್ಗೂ ಏಳಾಕಿಲ್ಲ."

ಉಳಿದ ಆರೂ ಮನೆಯವರು ಅಂಗಳದಲ್ಲಿ ನಿಂತು ನೋಡಿದರು. ಒಬ್ಬರೂ ಹತ್ತಿರ ಬರಲಿಲ್ಲ. ಅವಳು ಗುದ್ದಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.