ಫ್ಲೈವೀಲಿನ ಸದ್ದು

ಅಕ್ಕನ ಮಗನನ್ನು ಮನೆಯವರೆಲ್ಲ ರಾಕೆಟ್ ಎಂದೇ ಕರೆಯುತ್ತೇವೆ. ಅಂಬೆಗಾಲಿಡುವ ಗೋಜಿಗೇ ಹೋಗದೆ ಒಂದು ದಿನ ನೇರವಾಗಿ ಎದ್ದು ಓಡಿದವನು. ಇಪ್ಪತ್ತಾರು ತುಂಬಿದರೂ ಆ ಆತುರ ಹೋಗಿರಲಿಲ್ಲ. ಹಳೆಯ ಕಾರೊಂದನ್ನು ಕೊಂಡು, ಎಂಜಿನ್ನಿಗೆ ಟರ್ಬೊ ಹಾಕಿಸಿ, ಅದರ ಶಕ್ತಿಯನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಂಡಿದ್ದ. ಆಮೇಲೆ ಕ್ಲಚ್ ಜಾರತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚಿಕೊಳ್ಳುತ್ತಿತ್ತು, ಗಾಡಿಗೆ ಮಾತ್ರ ವೇಗ ಬರುತ್ತಿರಲಿಲ್ಲ. ಆಗ ಅವನಿಗೆ ನೆನಪಾದವರು ನಾವು, ಸೋದರಮಾವಂದಿರು.

ನಾವು ಅಂದರೆ ಅಣ್ಣ ಮತ್ತು ನಾನು. ಇಬ್ಬರಿಗೂ ಒಂದೇ ಶೆಡ್ಡು. ಮುಂದಿನ ಅರ್ಧದಲ್ಲಿ ನಾನು ಗಾಡಿಗಳನ್ನು ಬಿಚ್ಚಿ ಕಟ್ಟುತ್ತೇನೆ, ಹಿಂದಿನ ಅರ್ಧದಲ್ಲಿ ಅಣ್ಣ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುತ್ತಾನೆ. ಅಪ್ಪ ತೀರಿಕೊಂಡಾಗ ನನಗೆ ಹನ್ನೆರಡು ವರ್ಷ. ಅಂದಿನಿಂದ ನನ್ನನ್ನು ಸಾಕಿ, ಕೈಗೆ ಸ್ಪ್ಯಾನರ್ ಕೊಟ್ಟು ಮನುಷ್ಯನನ್ನಾಗಿ ಮಾಡಿದವನು ಅಣ್ಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಇದೇ ನನ್ನ ನೆವ.

ರಾಕೆಟ್ ಫೋನಿನಲ್ಲಿ ಚಿತ್ರಗಳನ್ನು ಹಿಡಿದುಕೊಂಡು ಬಂದ. ಸುತ್ತ ಆರು ಸೆರಾಮಿಕ್ ಬಿಲ್ಲೆಗಳಿದ್ದ ಕ್ಲಚ್ ಪ್ಲೇಟು, ಜೊತೆಗೆ ಹಗುರಾದ ಅಲ್ಯೂಮಿನಿಯಂ ಫ್ಲೈವೀಲು.

"ಸಣ್ಣ ಮಾವ, ಇದೇ ಹಾಕಿ. ರೇಸಿನವರೆಲ್ಲ ಇದನ್ನೇ ಹಾಕೋದು."

"ರೇಸಿನವರು ಅವರಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸಿಗ್ನಲ್ಲಲ್ಲಿ ನಿಲ್ಲಲ್ಲ ಕಣೋ" ಎಂದೆ.

ದಿನಾ ಬೆಳಿಗ್ಗೆ ಅಕ್ಕನನ್ನು ಹೊಲಿಗೆ ಕಾರ್ಖಾನೆಗೆ ಬಿಟ್ಟು ಕೆಲಸಕ್ಕೆ ಹೋಗುವವನು ಅವನು. ಅಕ್ಕನಿಗೆ ಸೊಂಟನೋವು. ಆ ಸೆರಾಮಿಕ್ ಪ್ಲೇಟು ಹಿಡಿದರೆ ಒಂದೇ ಏಟಿಗೆ ಹಿಡಿಯುತ್ತದೆ, ಗಾಡಿ ಪ್ರತಿ ಸಿಗ್ನಲ್ಲಿನಲ್ಲೂ ಕುಪ್ಪಳಿಸುತ್ತದೆ. ಫ್ಲೈವೀಲು ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ. ಆ ಭಾರ ಇರುವುದರಿಂದಲೇ ಕ್ಲಚ್ ಬಿಟ್ಟಾಗ ಎಂಜಿನ್ ನಿಂತುಹೋಗುವುದಿಲ್ಲ. ತೀರಾ ಹಗುರ ಮಾಡಿದರೆ ಎಂಜಿನ್ ಸರ್ರನೆ ಏರುವುದೇನೋ ನಿಜ, ಆದರೆ ದಟ್ಟಣೆಯಲ್ಲಿ ಹತ್ತು ಸಲ ಆಫ್ ಆಗುತ್ತದೆ. ಇಷ್ಟನ್ನೂ ಬಿಡಿಸಿ ಹೇಳಿದೆ. ಅಮ್ಮನ ಸೊಂಟದ ಮಾತು ಬಂದ ಮೇಲೆ ಅವನು ಒಪ್ಪಿದ. ಮಾಮೂಲಿ ಲೈನಿಂಗಿನ ಒಳ್ಳೆಯ ಪ್ಲೇಟು, ಬಿಗಿಯಾದ ಪ್ರೆಶರ್ ಪ್ಲೇಟು, ಹಳೆಯದಕ್ಕಿಂತ ತುಸುವೇ ಹಗುರಾದ ಉಕ್ಕಿನ ಫ್ಲೈವೀಲು ಎಂದು ತೀರ್ಮಾನವಾಯಿತು.

"ಉಕ್ಕಿನದು ಬರೋಕೆ ಮೂರು ವಾರ ಆಗುತ್ತೆ" ಎಂದೆ. ಅವನ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಅಣ್ಣ ಕೈ ಒರೆಸಿಕೊಳ್ಳುತ್ತ ಬಂದು "ಏನಂತೆ?" ಎಂದ. ರಾಕೆಟ್ ಕೂಗಿ ಹೇಳಿದ. ನಮ್ಮ ಶೆಡ್ಡಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು.

"ಮೂರು ವಾರ ಯಾಕೆ? ಹಳೇದನ್ನೇ ಕೊಡಿ. ಮುಖ ಸಾಪು ಮಾಡಿ, ಹಿಂದುಗಡೆಯಿಂದ ಎರಡು ಕೇಜಿ ಇಳಿಸಿಬಿಡ್ತೀನಿ."

"ಅದು ಬೀಡು ಕಬ್ಬಿಣ ಅಣ್ಣ, ಬೇಗ ಒಡೆಯುತ್ತೆ. ಕ್ಲಚ್ ಜಾರಿ ಜಾರಿ ಸುಟ್ಟು ನೀಲಿ ಆಗಿದೆ. ಅದನ್ನ ತೆಳ್ಳಗೆ ಬೇರೆ ಮಾಡಿ ಆ ವೇಗದಲ್ಲಿ ತಿರುಗಿಸಿದ್ರೆ…"

"ಗುರುವಿಗೇ ತಿರುಮಂತ್ರನಾ?" ಎಂದು ನಕ್ಕ. "ತೂಗುಹಾಕಿ ನೋಡೇ ಕೊಡ್ತೀನಿ ಕಣೋ."

ರಾಕೆಟ್ಟಿನ ಮುಖ ಅರಳಿತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾರನ ಮಾವನಿಗೂ ಮಟ್ಟವೇ ಎಂದು ಆಮೇಲೆ ತಿಳಿಯಿತು.

ತೂಗುಹಾಕುವುದು ಅಪ್ಪನ ಕಾಲದ ಪದ್ಧತಿ. ಬೀಡಿನ ಯಾವ ಸಾಮಾನೂ ಹಾಗೇ ನಮ್ಮ ಶೆಡ್ಡು ಬಿಟ್ಟು ಹೋಗುವುದಿಲ್ಲ. ತೊಲೆಗೆ ಹಗ್ಗ ಕಟ್ಟಿ, ಸಾಮಾನನ್ನು ಗಾಳಿಯಲ್ಲಿ ನೇತುಹಾಕಿ, ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಡಬೇಕು. ಗಟ್ಟಿ ಇದ್ದರೆ ದನಿ ಎಳೆದುಕೊಂಡು ಹೋಗುತ್ತದೆ. ಒಳಗೆಲ್ಲೋ ಬಿರುಕಿದ್ದರೆ ಒಡೆದ ಮಡಕೆಯ ಸದ್ದು ಬಂದು ಅಲ್ಲೇ ಸಾಯುತ್ತದೆ. ಲೇತಿನಿಂದ ಸಾಮಾನಿನ ಮೇಲಿನ ಗೀರುಗಳನ್ನು ತೆಗೆಯಬಹುದು, ಬಿರುಕಿನ ಸದ್ದನ್ನು ತೆಗೆಯಲಾಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಮಾರನೆಯ ದಿನ ಫ್ಲೈವೀಲು ಕನ್ನಡಿಯ ಹಾಗೆ ಹೊಳೆಯುತ್ತ ಹಗ್ಗದಲ್ಲಿ ನೇತಾಡುತ್ತಿತ್ತು. ರಾಕೆಟ್ ಪಕ್ಕದಲ್ಲೇ ನಿಂತಿದ್ದ. ಅಣ್ಣ ಸುತ್ತಿಗೆ ಎತ್ತಿ, ಎಂದಿನಂತೆ ನನ್ನ ಮುಖ ನೋಡುತ್ತ ಹೊಡೆದ. ಶಭಾಷ್ ಅನ್ನಿಸಿಕೊಳ್ಳಲು ಹೀಗೆ ನೋಡುತ್ತಾನೆ ಎಂದೇ ನಾನು ತಿಳಿದಿದ್ದೆ.

ಠಪ್ ಎಂದಿತು, ಅಷ್ಟೇ. ದನಿಯೇ ಇಲ್ಲ.

ಅಣ್ಣನ ಕಿವಿ ಹೋಗಿ ಎರಡು ವರ್ಷವಾಗಿತ್ತು. ಅದು ನನಗೆ ಗೊತ್ತಿತ್ತು. ಪಕ್ಕದಲ್ಲೇ ಫೋನ್ ಬಡಿದುಕೊಂಡರೂ ತಿರುಗುತ್ತಿರಲಿಲ್ಲ, ಮಾತಾಡುವವರ ತುಟಿಯನ್ನೇ ನೋಡುತ್ತಿದ್ದ. ಎಲ್ಲರೂ ಕೂಗುವ ಜಾಗದಲ್ಲಿ ಕಿವುಡು ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ಅಳಿಯನ ಎದುರಿಗೆ, 'ಅಣ್ಣ, ನಿನಗೆ ಕೇಳಿಸಲಿಲ್ಲ' ಎಂದು ಹೇಗೆ ಹೇಳಲಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನನ್ನ ಮುಖದ ಒಂದು ಗೆರೆಯೂ ಕದಲದ ಹಾಗೆ ನಿಂತೆ.

"ಗಂಟೆ ಇದ್ದ ಹಾಗಿದೆ, ಅಲ್ವಾ?" ಎಂದ ಅಣ್ಣ.

"ಹೂಂ" ಎಂದೆ.

ಒಬ್ಬನೇ ಇದ್ದಾಗ ಹೇಳಿದರಾಯಿತು ಅಂದುಕೊಂಡೆ. ಹೇಳಲಿಲ್ಲ. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಫ್ಲೈವೀಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಇಂಚಿಂಚೂ ತಡವಿದೆ. ಏನೂ ಸಿಗಲಿಲ್ಲ. ಹಗ್ಗ ಎಲ್ಲೋ ತಾಗಿ ಸದ್ದು ಸತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬೋಲ್ಟುಗಳನ್ನು ಬಿಗಿದವನು ನಾನೇ. ಅಣ್ಣನಿಗೆ ಗೊತ್ತಾಗದಂತೆ ಉಕ್ಕಿನ ಫ್ಲೈವೀಲಿಗೆ ಆರ್ಡರ್ ಕೊಟ್ಟವನೂ ನಾನೇ. ನಂಬಿಕೆ ಇದ್ದವನು ಹಾಗೆ ಮಾಡುತ್ತಾನೆಯೇ?

"ಮೂರು ವಾರ ಮೆಲ್ಲಗೆ ಓಡಿಸು. ಹೊಸ ಪ್ಲೇಟು ಪಳಗಬೇಕು" ಎಂದು ರಾಕೆಟ್ಟಿಗೆ ಹೇಳಿದೆ. ಅದು ಅರ್ಧ ನಿಜ.

ಹತ್ತು ದಿನ ಅವನು ಮೆಲ್ಲಗೇ ಓಡಿಸಿದ. ಅಕ್ಕ ಫೋನ್ ಮಾಡಿ "ಗಾಡಿ ಈಗ ಬೆಣ್ಣೆ ಹಾಗೆ ಹೊರಡುತ್ತೆ ಕಣೋ" ಎಂದಳು. ಹನ್ನೊಂದನೆಯ ದಿನ ಭಾನುವಾರ. ಊರಾಚೆಯ ಖಾಲಿ ರಸ್ತೆಯಲ್ಲಿ ರಾಕೆಟ್ ಒಬ್ಬನೇ ಇದ್ದ. ಮೂರನೆಯ ಗೇರಿನಲ್ಲಿ ಎಂಜಿನ್ ಸುತ್ತು ತೋರಿಸುವ ಮುಳ್ಳು ಏಳು ಸಾವಿರ ಮುಟ್ಟುವಾಗ ಫ್ಲೈವೀಲು ಮೂರು ಹೋಳಾಯಿತು. ಒಂದು ಹೋಳು ಬಾನೆಟ್ ಹರಿದುಕೊಂಡು ಆಚೆ ಹೋಯಿತು, ಒಂದು ಕೆಳಗೆ ರಸ್ತೆಗೆ ಬಿತ್ತು. ಮೂರನೆಯದು ಗೇರ್‌ಬಾಕ್ಸಿನ ಕವಚವನ್ನೂ ಕಾರಿನ ನೆಲವನ್ನೂ ಸೀಳಿಕೊಂಡು ಬಂತು. ಕ್ಲಚ್ ಪೆಡಲಿನ ಬಳಿ ಇದ್ದ ಎಡಗಾಲನ್ನು ಡಾಕ್ಟರು ಪಾದದ ಗಂಟಿನ ಮೇಲೆ ಕತ್ತರಿಸಿ ತೆಗೆಯಬೇಕಾಯಿತು.

ಪುಣ್ಯಕ್ಕೆ ಅವನಮ್ಮ ಜೊತೆಗಿರಲಿಲ್ಲ ಎಂದು ಬಂದವರೆಲ್ಲ ಹೇಳಿದರು. ಹಾಗೆಂದ ಒಬ್ಬೊಬ್ಬರಿಗೂ ಬಾರಿಸಬೇಕೆನಿಸಿತು. ಬಾರಿಸಿಕೊಳ್ಳಬೇಕಾದವನು ನಾನು.

ಕಾರನ್ನು ಎಳೆದು ತಂದು ಶೆಡ್ಡಿನ ಮುಂದೆ ಬಿಟ್ಟರು. ಅಣ್ಣ ಅದರೊಳಗಿನ ಹೋಳನ್ನು ತೆಗೆದು ನನ್ನ ಬೆಂಚಿನ ಮೇಲಿಟ್ಟ. ಮುರಿದ ಅಂಚಿನಲ್ಲಿ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನರ್ಧ ಕಪ್ಪಗಿತ್ತು. ಕಪ್ಪಗಿದ್ದದ್ದು ಹಳೆಯ ಬಿರುಕು.

"ಅವತ್ತು ಇದು ಹೇಗೆ ಸದ್ದು ಮಾಡ್ತು?" ಎಂದು ಕೇಳಿದ.

ನಾನು ಆ ಕಪ್ಪು ಅಂಚಿನ ಮೇಲೆ ಉಗುರು ಆಡಿಸಿದೆ.

"ನನಗೆ ಕೇಳಿಸಲ್ಲ ಅಂತ ನಿನಗೆ ಗೊತ್ತಿತ್ತು ತಾನೆ?"

"ಗೊತ್ತಿತ್ತು."

"ನಿನಗೆ ಗೊತ್ತಿದೆ ಅಂತ ನನಗೂ ಗೊತ್ತಿತ್ತು. ಅದಕ್ಕೇ ಪ್ರತಿ ಸಲ ನಿನ್ನ ಮುಖ ನೋಡ್ತಿದ್ದೆ. ಸದ್ದು ಸರಿ ಇಲ್ಲ ಅಂದ್ರೆ ನಿನ್ನ ಹುಬ್ಬು ಗಂಟಾಗುತ್ತೆ. ಎರಡು ವರ್ಷದಿಂದ ಅದನ್ನೇ ನಂಬ್ಕೊಂಡು ಎಷ್ಟೋ ಸಾಮಾನು ವಾಪಸ್ ಕಳಿಸಿದೀನಿ. ಅವತ್ತು ಯಾಕೋ ಗಂಟಾಗ್ಲಿಲ್ಲ?"

ನಾನು ಕಾಪಾಡಿದ್ದು ಯಾರ ಮಾನವನ್ನು? ಉಕ್ಕಿನ ಫ್ಲೈವೀಲು ಮೂರು ವಾರಕ್ಕೆ ಸರಿಯಾಗಿ ಬಂತು. ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲ.

ಆಸ್ಪತ್ರೆಯಲ್ಲಿ ರಾಕೆಟ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೊದಿಕೆಯ ಉಬ್ಬು ಎಡಗಡೆ ಬೇಗ ಮುಗಿದುಹೋಗಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಅಣ್ಣ ನಿಂತೇ ಹೇಳಿದ, "ನನ್ನ ಕಿವಿ ಹೋಗಿ ಎರಡು ವರ್ಷ ಆಯ್ತು. ಬಿರುಕಿನ ಸದ್ದು ನನಗೆ ಕೇಳಿಸ್ಲಿಲ್ಲ. ತಪ್ಪೆಲ್ಲ ನನ್ನದೇ."

ಅಕ್ಕ ಅಳಲಿಲ್ಲ, ಬೈಯಲಿಲ್ಲ. ನನ್ನ ಕಡೆ ತಿರುಗಿದಳು.

"ನೀನೂ ಅಲ್ಲೇ ಇದ್ದೆಯಲ್ಲೋ. ನಿನಗೂ ಕೇಳಿಸ್ಲಿಲ್ವಾ?"

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಹುಬ್ಬು ಗಂಟಾಗದ ಹಾಗೆ ಹಿಡಿದುಕೊಂಡೆ.

"ಇಲ್ಲ ಅಕ್ಕ" ಎಂದೆ.

ಅಣ್ಣ ಕಣ್ಣು ಕೆಳಗೆ ಹಾಕಿದ. ಈಗಲೂ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತೇವೆ. ಅಂದಿನಿಂದ ಅವನು ನನ್ನ ಮುಖ ನೋಡಿಲ್ಲ.