ಗಾಡಿಗೆ ಭಾನುವಾರದ ಬಟ್ಟೆ

ಏಪ್ರಿಲ್ ಕೊನೆಯ ವಾರ, ಕುರಿಗಳು ಮರಿ ಹಾಕಿ ಮುಗಿಯುತ್ತಿದ್ದ ಕಾಲ. ಬಿಗ್‌ಹಾರ್ನ್ ಬೆಟ್ಟದ ತಲೆಯ ಮೇಲೆ ಇನ್ನೂ ಹಿಮವಿತ್ತು. ಬೆಳಗಿನ ಐದೂವರೆ ಇರಬೇಕು. ನಾನು ಶೆಡ್ಡಿನ ಒಲೆಗೆ ಕಟ್ಟಿಗೆ ಇಡುತ್ತಿದ್ದೆ. ನನ್ನ ತಂಗಿಯ ಮಗ ರಾಯ್ಸ್ ತನ್ನ ಡೀಸೆಲ್ ಪಿಕಪ್ಪನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಎಂಜಿನ್ ಆರಿಸದೆಯೇ ಇಳಿದು ಬಂದ.

"ಮಾವ, ಇದ್ರ ಹೊಗೆ ಫಿಲ್ಟರ್ ಕತ್ತರ್ಸಿ ಸೀದಾ ಪೈಪ್ ಹಾಕ್ಕೊಡು" ಅಂದ.

"ವಾರಂಟಿ ಇನ್ನೂ ಎರಡು ವರ್ಷ ಇದೆಯಲ್ಲೋ."

"ಇರ್ಲಿ ಬಿಡು. ಹೋದ ಜೂನಲ್ಲಿ ಏನಾಯ್ತು ಮರ್ತೆಯಾ? ಹಿಂದೆ ಎಂಬತ್ತು ಕುರಿ. ಅರ್ಧ ಏರಲ್ಲಿ ಫಿಲ್ಟರ್ ಕಟ್ಕೊಂಡು ಗಾಡಿ ಮುದುಕಿ ಥರ ನಡೀತು. ಹಿಂದೆ ಇದ್ದೋರೆಲ್ಲ ಹಾರ್ನ್ ಹೊಡ್ದು ನಮ್ಮಮ್ಮನ ಹೆಸರು ಎತ್ತಿದ್ರು."

"ನಿಮ್ಮಮ್ಮ ನನ್ನ ತಂಗಿ ಕಣೋ. ಅದನ್ನ ನನ್ನ ಮುಂದೆ ಹೇಳ್ತೀಯಲ್ಲ."

ಅವನು ನಕ್ಕ. ನಾನೂ ನಕ್ಕೆ.

ರಾಯ್ಸನಿಗೆ ಹುಲ್ಲುಗಾವಲಿಲ್ಲ, ಕುರಿಯಿಲ್ಲ. ಜೂನಿನಲ್ಲಿ ಬೇರೆಯವರ ಕುರಿಗಳನ್ನು ಉದ್ದನೆಯ ಟ್ರೈಲರಿನಲ್ಲಿ ತುಂಬಿ ಬೆಟ್ಟಕ್ಕೆ ಏರಿಸುವುದು, ನಡುವಿನ ತಿಂಗಳುಗಳಲ್ಲಿ ಮೇಲಿನ ಕುರಿಗಾಹಿಗಳಿಗೆ ನೀರು, ಉಪ್ಪು ಒಯ್ಯುವುದು, ಸೆಪ್ಟೆಂಬರಿನಲ್ಲಿ ಹಿಮ ಬೀಳುವ ಮುಂಚೆ ಕುರಿಗಳನ್ನು ಇಳಿಸುವುದು. ಇದೇ ಅವನ ಬದುಕು. ಬದುಕಿಗೆ ಇದ್ದದ್ದು ಆ ಒಂದೇ ಗಾಡಿ. ಎಂಜಿನ್ ಕೈಕೊಟ್ಟರೆ ಕಂಪನಿಯವರು ರಿಪೇರಿ ಮಾಡಿಕೊಡುತ್ತಾರೆ ಎಂಬ ವಾರಂಟಿ ಕಾಗದವನ್ನು ಅವನ ಹೆಂಡತಿ ಮಾರ್ವಾ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಾಡಿಯೊಳಗೇ ಇಟ್ಟಿದ್ದಳು. ಫಿಲ್ಟರ್ ಕತ್ತರಿಸಿದ್ದು ಕಂಪನಿಗೆ ಗೊತ್ತಾದರೆ ಆ ಕಾಗದಕ್ಕೆ ಬೆಲೆಯಿಲ್ಲ. ಆ ಕಾಗದವಿಲ್ಲದೆ ಅವನ ಶಕ್ತಿಯಲ್ಲಿ ಆ ರಿಪೇರಿ ಆಗುವ ಮಾತಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಏನಾದ್ರೂ ಆದ್ರೆ ಭಾನುವಾರದ ಬಟ್ಟೆ ಹಾಕ್ಸಿ ಕರ್ಕೊಂಡು ಹೋದ್ರಾಯ್ತು" ಅಂದ.

ಇದು ನಮ್ಮ ಕಡೆಯ ರೂಢಿ. ಕತ್ತರಿಸಿದ ಫಿಲ್ಟರನ್ನು ಯಾರೂ ಎಸೆಯುವುದಿಲ್ಲ. ತಂತಿ ಕಟ್ಟಿ ಮಾಡಿನ ತೊಲೆಗೆ ನೇತುಹಾಕುತ್ತಾರೆ. ವಾರಂಟಿಯೊಳಗೆ ಗಾಡಿ ಕೆಟ್ಟರೆ ಅದನ್ನು ಇಳಿಸಿ, ಮತ್ತೆ ಬೆಸೆದು, ಎಂಜಿನ್ನಿನ ಕಂಪ್ಯೂಟರಿಗೆ ಹಳೆಯ ಪ್ರೋಗ್ರಾಮನ್ನೇ ತುಂಬಿಸಿ, ಗಾಡಿ ತೊಳೆದು ಶೋರೂಮಿಗೆ ಒಯ್ಯುತ್ತಾರೆ. ಚರ್ಚಿಗೆ ಹೊರಟವನ ಹಾಗೆ. ನನ್ನ ತೊಲೆಯಲ್ಲಿ ಆಗಲೇ ಆರು ಫಿಲ್ಟರ್ ನೇತಾಡುತ್ತಿದ್ದವು, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದ ಹೆಸರು. ರಾಯ್ಸನದು ಏಳನೆಯದಾಯಿತು.

ಅದೇ ಸಂಜೆ ಲೈಲ್ ಬಂದ. ಗಾಡಿಗಳ ಪ್ರೋಗ್ರಾಮ್ ಬದಲಾಯಿಸುವುದೇ ಅವನ ಕಸುಬು. ಪುಟ್ಟ ಡಬ್ಬಿಯೊಂದನ್ನು ಗಾಡಿಗೆ ಸಿಕ್ಕಿಸಿ, ಒಂದು ಸಿಗರೇಟು ಮುಗಿಯುವಷ್ಟರಲ್ಲಿ ಕೆಲಸ ಮುಗಿಸಿದ. ಕಿಟಕಿಯ ಕಂಬಕ್ಕೆ ಒಂದು ಮೀಟರ್ ಕೂರಿಸಿದ. ಹೊಗೆಯ ಬಿಸಿ ಎಷ್ಟು ಎಂದು ತೋರಿಸುವ ಮುಳ್ಳು ಅದರಲ್ಲಿತ್ತು.

"ಕೆಂಪು ಗೆರೆ ದಾಟಿಸ್ಬೇಡ ಅಷ್ಟೇ. ದಾಟ್ತು ಅಂದ್ರೆ ಕಾಲು ಎತ್ತು. ಮೇಲೆ ಮುಟ್ಟಿದ್ಮೇಲೆ ಐದು ನಿಮಿಷ ನಿಂತಲ್ಲೇ ಎಂಜಿನ್ ಓಡ್ಸಿ ಆಮೇಲೆ ಆರ್ಸು" ಅಂದ ಲೈಲ್.

ಜೂನಿನಲ್ಲಿ ರಾಯ್ಸ್ ಎಂಬತ್ತು ಕುರಿ ತುಂಬಿಕೊಂಡು ನನ್ನ ಶೆಡ್ಡಿನ ಮುಂದೆ ಏರು ಹತ್ತಿದ. ಗಾಡಿ ಹಿಂದೆಮುಂದೆ ನೋಡಲಿಲ್ಲ. ಕಪ್ಪು ಹೊಗೆ ಮಾತ್ರ ಬಹಳ ಹೊತ್ತು ರಸ್ತೆಯ ಮೇಲೆ ನಿಂತಿತ್ತು.

ನನ್ನ ಶೆಡ್ಡು ಇರುವುದು ಬೆಟ್ಟದ ಇಳಿಜಾರು ಮುಗಿಯುವ ಕಡೆ. ಐವತ್ತೊಂದು ವರ್ಷ ಇಲ್ಲೇ ಬೆಸುಗೆ ಹಾಕಿದ್ದೇನೆ. ಭಾರ ಹೊತ್ತ ಗಾಡಿ ಇಳಿಯುವಾಗ, ಎಂಜಿನ್ನೇ ಗಾಡಿಯನ್ನು ಹಿಡಿದು ತಡೆಯುವ ಎಂಜಿನ್ ಬ್ರೇಕ್ ಹಾಕಿಕೊಂಡಿದ್ದರೆ ಗುರುಗುಟ್ಟುತ್ತದೆ. ಆ ಸದ್ದಿನಲ್ಲೇ ಯಾರ ಗಾಡಿ ಎಂದು ಹೇಳಬಲ್ಲೆ. ಸದ್ದಿಲ್ಲದೆ ಇಳಿಯುವ ಗಾಡಿ ಬಂದರೆ ನಾವು ಕೈಯಲ್ಲಿರುವ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇವೆ. ಅದು ಚಕ್ರದ ಬ್ರೇಕೊಂದನ್ನೇ ನಂಬಿ ಬರುತ್ತಿದೆ ಎಂದು ಅರ್ಥ. ಹತ್ತು ಮೈಲಿಯ ಇಳಿಜಾರಿನಲ್ಲಿ ಆ ಬ್ರೇಕು ಕಾದು ಹೋಗುತ್ತದೆ.

ಆಗಸ್ಟಿನಲ್ಲಿ ಮಾರ್ವಾ ನಮ್ಮ ತೋಟದ ಬೀನ್ಸ್ ಒಯ್ಯಲು ಬಂದಳು. ಚೀಲ ತುಂಬಿದ ಮೇಲೂ ಹೋಗಲಿಲ್ಲ.

"ಮಾವ, ಮುಳ್ಳು ಕೆಂಪಲ್ಲೇ ಇರುತ್ತೆ. ಕೆಳಗಿಂದ ಮೇಲಿನ ತನಕ."

"ಕಾಲು ಎತ್ತೋದಿಲ್ವಾ ಅವನು?"

"ಎತ್ತಿದ್ರೆ ಹಿಂದಿನವರು ದಾಟ್ಕೊಂಡು ಹೋಗ್ತಾರಲ್ಲ. ನಾನು ಅದನ್ನ ನೋಡ್ದೆ ಇರೋಕಂತ ಆ ಕಡೆ ಮರ ನೋಡ್ತೀನಿ. ನಮ್ಮನೆಯವರಿಗೆ ಅದೂ ಕೋಪ. ಏನು, ಮರ ಎಣಿಸ್ತಿದ್ದೀಯಾ ಅಂತಾರೆ."

ಆ ವಾರದಿಂದ ನಾನು ಕಿವಿಗೊಟ್ಟೆ. ಅವನ ಗಾಡಿಯ ಗುರುಗುಟ್ಟು ಸಣ್ಣದಾಗುತ್ತಾ ಬಂತು. ಈ ಗಾಡಿಗಳಲ್ಲಿ ಎಂಜಿನ್ ಬ್ರೇಕು ಕೆಲಸ ಮಾಡುವುದು ಟರ್ಬೊದಿಂದ, ಬಿಸಿ ಹೊಗೆಯಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಚಕ್ರದಿಂದ. ಟರ್ಬೊ ಬೆಂದರೆ ಎಳೆತವೂ ಹೋಗುತ್ತದೆ, ತಡೆತವೂ ಹೋಗುತ್ತದೆ. ಸೆಪ್ಟೆಂಬರ್ ಎರಡನೆಯ ವಾರ ರಾಯ್ಸ್ ಖಾಲಿ ಟ್ರೈಲರ್ ಎಳೆದುಕೊಂಡು ಇಳಿದ. ಏನೂ ಕೇಳಿಸಲಿಲ್ಲ.

ಅವನೇ ಶೆಡ್ಡಿಗೆ ಬಂದು ತೊಲೆಯ ಕಡೆ ನೋಡಿದ. "ಬಟ್ಟೆ ಇಳ್ಸು ಮಾವ" ಅಂದ.

ಒಂದು ಮಧ್ಯಾಹ್ನ ಹಿಡಿಯಿತು. ಸೀದಾ ಪೈಪನ್ನು ಕತ್ತರಿಸಿ ತೆಗೆದು ಹಳೆಯ ಫಿಲ್ಟರನ್ನು ಬೆಸೆದೆ, ಬೆಸುಗೆಯನ್ನು ಉಜ್ಜಿದೆ, ಅದರ ಮೇಲೆ ರಸ್ತೆಯ ಕೆಸರು ಹಚ್ಚಿದೆ. ನನ್ನ ಎಡಗೈ ತೋರುಬೆರಳಿನ ತುದಿಯನ್ನು ಹಳೆಯ ಯಂತ್ರವೊಂದು ತಿಂದುಹಾಕಿದೆ. ಹಾಗಾಗಿ ನನ್ನ ಬೆಸುಗೆ ಮುಗಿಯುವ ಕಡೆ ಚಿಕ್ಕ ಕೊಕ್ಕೆಯ ಹಾಗೆ ಎಡಕ್ಕೆ ತಿರುಗುತ್ತದೆ. ಕೆಳಗಿನ ಕೊಕ್ಕೆಯನ್ನು ಉಜ್ಜಿ ತೆಗೆದೆ. ಮೇಲಿನದಕ್ಕೆ ಕೈ ಹೋಗಲಿಲ್ಲ. ಲೈಲ್ ಬಂದು ಹಳೆಯ ಪ್ರೋಗ್ರಾಮ್ ತುಂಬಿಸಿ, ಮೀಟರ್ ಕಿತ್ತುಕೊಂಡು ಹೋದ. ಮರುದಿನ ಬುಧವಾರ. ಅರವತ್ತು ಮೈಲಿ ದೂರದ ಶೋರೂಮಿಗೆ ಇಬ್ಬರೂ ಹೋದೆವು.

ಅಲ್ಲಿನ ಸರ್ವಿಸ್ ನೋಡಿಕೊಳ್ಳುವವನು ಎಮೆಟ್. ಹನ್ನೆರಡು ವರ್ಷ ನನ್ನ ಶೆಡ್ಡಿನಲ್ಲಿ ಕೆಲಸ ಮಾಡಿದವನು. ಅವನಿದ್ದಾನೆ ಎಂದೇ ರಾಯ್ಸ್ ನನ್ನನ್ನು ಕರೆದುಕೊಂಡು ಹೋಗಿದ್ದು. ಎಮೆಟ್ ಗಾಡಿಯನ್ನು ಮೇಲೆತ್ತಿ ಅದರಡಿ ನಿಂತ. ಬಹಳ ಹೊತ್ತು ನಿಂತ. ದೀಪವನ್ನು ಪೈಪಿನ ಮೇಲ್ಭಾಗಕ್ಕೆ ಹಿಡಿದ. ಆಮೇಲೆ ಯಂತ್ರ ಸಿಕ್ಕಿಸಿ ನೋಡಿದ. ಕೈ ಒರೆಸಿಕೊಂಡು ನನ್ನನ್ನು ಟೈರುಗಳ ಹಿಂದೆ ಕರೆದ.

"ಯಜಮಾನ್ರೇ, ಪ್ರೋಗ್ರಾಮ್ ಎಷ್ಟು ಸಲ ಬದಲಾಯ್ತು ಅಂತ ಗಾಡಿ ಎಣಿಸಿಟ್ಕೊಳ್ಳುತ್ತೆ. ಹಳೇದನ್ನ ವಾಪಸ್ ಹಾಕಿದ್ರೆ ಅದನ್ನೂ ಇನ್ನೊಂದು ಸಲ ಅಂತ ಎಣಿಸುತ್ತೆ. ಲೈಲ್ ಇದನ್ನ ಯಾರಿಗೂ ಹೇಳಲ್ಲ, ಅಲ್ವಾ?"

ನಾನು ಒಂದು ಟೈರಿಗೆ ಒರಗಿದೆ.

"ಆ ಎರಡು ಸಲ ನಾವೇ ಇಲ್ಲಿ ಮಾಡಿದ್ದು ಅಂತ ನಾನು ಬರೀಬಹುದು. ಕಂಪನಿಯೋರು ನನ್ನ ಮಾತು ನಂಬ್ತಾರೆ. ಕಲ್ಲು ತಾಗಿ ಪೈಪ್ ಒಡೀತು, ತೇಪೆ ಹಾಕಿದೆ ಅಂತ ನೀವು ಒಂದು ಮಾತು ಹೇಳಿ. ನಾನು ಸಹಿ ಹಾಕ್ತೀನಿ. ನೀವು ಹೇಳ್ಬೇಕು ಅಷ್ಟೇ." ಆಮೇಲೆ, "ಆ ಕೊಕ್ಕೆ ನಿಮ್ದೇ ಅಲ್ವಾ?" ಎಂದು ಕೇಳಿದ.

ಅವನು ನನ್ನ ಹತ್ತಿರ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಹೇಳಿಕೊಟ್ಟದ್ದು ಒಂದೇ. ನೀನು ಕಾಣದ್ದಕ್ಕೆ ನಿನ್ನ ಹೆಸರು ಹಾಕಬೇಡ. ಸಿಕ್ಕಿಬಿದ್ದರೆ ಅವನ ಕೆಲಸ ಹೋಗುತ್ತದೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು.

"ನಂದೇ ಕಣೋ. ಏಪ್ರಿಲಲ್ಲಿ ಕತ್ತರ್ಸಿದ್ದೂ ನಾನೇ, ನಿನ್ನೆ ಹಚ್ಚಿದ್ದೂ ನಾನೇ. ನೀನು ಕಂಡದ್ದನ್ನ ಬರಿ" ಅಂದೆ.

ತಿರುಗಿದರೆ ಟೈರುಗಳ ಈ ಕಡೆ ರಾಯ್ಸ್ ನಿಂತಿದ್ದ. ಎರಡು ಕೈಯಲ್ಲೂ ಕಾಫಿ ಲೋಟ. ಒಂದು ನನಗೆಂದು ತಂದದ್ದು.

ಟರ್ಬೊ ಹಾಕಿಕೊಡುವುದಿಲ್ಲ ಎಂದರು. ಎಂಜಿನ್ನಿನ ವಾರಂಟಿ ಅಲ್ಲಿಗೆ ಮುಗಿಯಿತು. ಅರವತ್ತು ಮೈಲಿ ರಾಯ್ಸ್ ಗಾಡಿಯನ್ನು ನಿಧಾನವಾಗಿ ವಾಪಸ್ ಓಡಿಸಿದ. ನನ್ನ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಮುಂದೆ ನೋಡುತ್ತಲೇ ಅಂದ: "ಒಂದೇ ಒಂದು ಸುಳ್ಳು ಮಾವ."

"ಅದಕ್ಕೆ ಹೆಸರು ಹಾಕ್ಬೇಕಾದೋನು ಎಮೆಟ್ ಕಣೋ."

"ಎಮೆಟ್ ನಿನ್ನ ತಂಗಿ ಮಗನಾ?"

"ಹತ್ತು ದಿನ ತಡಿ. ಗುಜರಿಯಲ್ಲಿ ಟರ್ಬೊ ಹುಡುಕಿ ನಾನೇ ಕೂರಿಸ್ತೀನಿ" ಅಂದೆ.

"ಭಾನುವಾರ ಹಿಮ ಅಂತ ರೇಡಿಯೋದಲ್ಲಿ ಬೆಳಗ್ಗಿಂದ ಹೇಳ್ತಿದ್ದಾರೆ. ಇನ್ನೂ ಎಂಬತ್ತು ಕುರಿ ಮೇಲಿವೆ. ಈಗ ಇಳಿಸ್ದೆ ಇದ್ರೆ ಮುಂದಿನ ವರ್ಷ ನನ್ನ ಯಾರು ಕರೀತಾರೆ? ನಿನ್ನ ಬಾಯಿ ನೀನೇ ಇಟ್ಕೋ, ಗಾಡಿ ನಾನು ನೋಡ್ಕೋತೀನಿ."

ಶುಕ್ರವಾರ ಬೆಳಗ್ಗೆ ಅವನು ಹತ್ತಿ ಹೋದ. ಗಾಡಿ ನಿಧಾನವಾಗಿ, ಉಸಿರು ಕಟ್ಟಿದವರ ಹಾಗೆ ಹತ್ತಿತು. ಸ್ವಲ್ಪ ಹೊತ್ತಿಗೆ ಮಾರ್ವಾ ನಡೆದುಕೊಂಡು ಶೆಡ್ಡಿಗೆ ಬಂದಳು.

"ನನ್ನನ್ನ ಬಿಟ್ಟು ಹೋದ್ರು ಮಾವ. ನೀನು ಮನೇಲೇ ಇರು ಅಂದ್ರು. ಯಾವತ್ತೂ ಹಾಗನ್ನಲ್ಲ."

ಅವಳಿಗೆ ಸ್ಟೂಲು ಹಾಕಿದೆ. ಕಾಫಿ ಕೊಟ್ಟೆ, ಕುಡಿಯಲಿಲ್ಲ. ಮಧ್ಯಾಹ್ನದ ಮೇಲೆ ಕುರಿ ತುಂಬಿದ ಗಾಡಿಗಳು ಒಂದೊಂದಾಗಿ ಇಳಿಯತೊಡಗಿದವು. ಗುರುಗುಟ್ಟು ಕೇಳಿದಾಗಲೆಲ್ಲ ಅವಳು ಎದ್ದು ನಿಲ್ಲುವಳು.

"ಅವನದಲ್ಲ, ಕೂತ್ಕೋ" ಎನ್ನುವೆ ನಾನು. ಅವನದು ಸದ್ದಿಲ್ಲದೆ ಬರುತ್ತದೆ ಎಂದು ಹೇಳಲು ನಾಲಿಗೆ ಬರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಗಾಳಿ ಕೆಳಮುಖವಾಯಿತು. ಮೊದಲು ಬಂದದ್ದು ವಾಸನೆ, ಬ್ರೇಕು ಸುಟ್ಟ ವಾಸನೆ. ಆಮೇಲೆ ಹಾರ್ನು. ಬಿಟ್ಟು ಬಿಟ್ಟು ಹೊಡೆದದ್ದಲ್ಲ, ಒಂದೇ ಸಮನೆ ಒತ್ತಿ ಹಿಡಿದದ್ದು. ತಿರುವಿನಿಂದ ತಿರುವಿಗೆ ಅದು ಇಳಿಯುತ್ತಾ ಬಂತು. ಮಾರ್ವಾ ನನ್ನ ತೋಳು ಹಿಡಿದಳು. ಹಾರ್ನು ನಿಂತಿತು. ಜೋಳದ ಮೂಟೆಗಳನ್ನೆಲ್ಲ ಒಟ್ಟಿಗೆ ಸುರಿದ ಹಾಗೆ ಸದ್ದಾಯಿತು.

ನಮ್ಮ ಇಳಿಜಾರಿನಲ್ಲಿ ಬ್ರೇಕು ಹೋದ ಗಾಡಿಗಳಿಗೆಂದು ರಸ್ತೆಯ ಪಕ್ಕಕ್ಕೆ ದಪ್ಪ ಜಲ್ಲಿ ಸುರಿದ ಏರುದಾರಿಯೊಂದಿದೆ. ಅದರೊಳಕ್ಕೆ ನುಗ್ಗಿಸಿದ್ದ. ಗಾಡಿ ಅಚ್ಚಿನವರೆಗೆ ಹೂತಿತ್ತು. ಟ್ರೈಲರು ಮುರಿದುಕೊಂಡು ಅದರ ಬೆನ್ನೇರಿತ್ತು. ಒಳಗೆ ಬದುಕಿದ ಕುರಿಗಳು ಕೂಗುತ್ತಿದ್ದವು. ಕೂಗದವೇ ಹೆಚ್ಚು. ರಾಯ್ಸ್ ಜಲ್ಲಿಯ ಮೇಲೆ ಕೂತಿದ್ದ, ಒಂದು ಭುಜ ಕೆಳಗೆ ಜೋತಿತ್ತು. ಮಾರ್ವಾ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಅವಳನ್ನು ನೋಡಲಿಲ್ಲ.

"ಇವತ್ತು ಮುಳ್ಳೇ ಇರ್ಲಿಲ್ಲ ಮಾವ, ನೋಡೋಕೆ" ಅಂದ.

ಬಾಗಿಲು ತೆರೆದುಕೊಂಡಿದ್ದ ಗಾಡಿಯೊಳಗೆ ಪ್ಲಾಸ್ಟಿಕ್ ಚೀಲದ ಕಾಗದ ಹಾಗೇ ಇತ್ತು. ಮಾರ್ವಾ ಅದನ್ನು ತೆಗೆದುಕೊಂಡಳು.

ಶೋರೂಮಿನಲ್ಲಿ ನಾನು ಒಪ್ಪಿಕೊಂಡ ಸುದ್ದಿ ಊರೆಲ್ಲ ಹಬ್ಬಿತ್ತು. ಮುಂದಿನ ವಾರವೆಲ್ಲ ಜನ ಶೆಡ್ಡಿಗೆ ಬಂದರು. ಕೆಲಸಕ್ಕಲ್ಲ. ತೊಲೆಯಲ್ಲಿದ್ದ ತಮ್ಮ ತಮ್ಮ ಫಿಲ್ಟರ್ ಒಯ್ಯಲು. "ನಮ್ಮನೇಲೇ ಜಾಗ ಇದೆ ಬಿಡಿ, ನಿಮಗ್ಯಾಕೆ ತೊಂದ್ರೆ" ಎಂದು ಒಬ್ಬ ಅಂದ. ಉಳಿದವರು ತಂತಿ ಬಿಚ್ಚಿಕೊಂಡು ಹೊರಟರು. ಆರೂ ಹೋದವು. ಯಾರೂ ಅದನ್ನು ಗಾಡಿಗೆ ಹಾಕಿಸಿಕೊಳ್ಳಲಿಲ್ಲ. ಬೇರೆ ತೊಲೆಗೆ ಹೋದವು, ಅಷ್ಟೇ. ಬರಿದಾದ ತೊಲೆಯ ಕೆಳಗೆ ರಾಯ್ಸನ ಸೀದಾ ಪೈಪಿನ ತುಂಡು ಗೋಡೆಗೆ ಒರಗಿ ನಿಂತಿತ್ತು. ಅದರ ಎರಡು ತುದಿಗೂ ನನ್ನ ಕೊಕ್ಕೆ.

ಮಾರ್ವಾಳ ಅಕ್ಕ ನೆಬ್ರಾಸ್ಕಾದಿಂದ ಕಾರು ತಂದಿದ್ದಳು. ರಾಯ್ಸನಿಗೆ ಅಲ್ಲಿ ದನಗಳ ದೊಡ್ಡಿಯಲ್ಲಿ ಮೇವು ಹಾಕುವ ಕೆಲಸ ಸಿಕ್ಕಿತ್ತು. ಹೊರಡುವಾಗ ಕಾರು ನನ್ನ ಬಾಗಿಲ ಮುಂದೆ ನಿಧಾನವಾಯಿತು. ಮಾರ್ವಾ ಕಿಟಕಿ ಇಳಿಸಿದಳು. ಅವನು ಇಳಿಸಲಿಲ್ಲ. ಅಷ್ಟರಲ್ಲಿ ಲೈಲ್ ಪ್ರೋಗ್ರಾಮ್ ಬದಲಾಯಿಸಿದ್ದ ಇನ್ನೊಂದು ಗಾಡಿ ಕೊನೆಯ ಕುರಿಗಳನ್ನು ತುಂಬಿಕೊಂಡು ಬೆಟ್ಟದಿಂದ ಇಳಿಯಿತು. ಅದರ ಗುರುಗುಟ್ಟು ಸಣ್ಣಗಿತ್ತು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. ಕಾರಿನೊಳಗೆ ರಾಯ್ಸ್ ತಲೆ ಎತ್ತಿದ್ದನ್ನು ನೋಡಿದೆ. ಅವನಿಗೂ ಕೇಳಿಸಿತ್ತು.

ರಾಯ್ಸ್ ಮತ್ತು ಮಾರ್ವಾ ಊರು ಬಿಟ್ಟದ್ದು ಅಕ್ಟೋಬರಿನ ಮೊದಲ ಮಂಗಳವಾರ.