ನಾಲ್ಕು ನಿಜ, ಒಂದು ಮೀನಿನ ತಲೆ

ಲೈಲ್ ಕ್ರೌಡರನ ಮೇಲೆ ಹೆಲ್ವಿ ನಿಯೆಮಿ ಒಂದು ವರ್ಷದಿಂದ ಹಗೆ ಸಾಧಿಸುತ್ತಿದ್ದಳು. ತಮಾಷೆಯೆಂದರೆ ಅದು ಲೈಲ್‌ಗೇ ಗೊತ್ತಿರಲಿಲ್ಲ. ಬೆಳಗ್ಗೆ ಬೇಲಿಯಾಚೆಯಿಂದ ಅವನು ಕೈ ಬೀಸುತ್ತಿದ್ದ, ಇವಳೂ ಬೀಸುತ್ತಿದ್ದಳು. ಸೌದೆ ಒಡೆಯುವಾಗ ಇವಳ ಪಾಲಿನದನ್ನೂ ಒಡೆದು ಗೋಡೆಗೆ ಒಟ್ಟಿ ಹೋಗುತ್ತಿದ್ದ. ಆ ಸೌದೆಯನ್ನೇ ಒಲೆಗೆ ಹಾಕಿ, ಅದರ ಮುಂದೆ ಕೂತು, ಇವಳು ಅವನಿಗೆ ಶಾಪ ಹಾಕುತ್ತಿದ್ದಳು. ನದಿ ದಂಡೆಯ ಆ ರಸ್ತೆಯ ಕೊನೆಯಲ್ಲಿ ಇದ್ದದ್ದು ಇವೆರಡೇ ಮನೆ, ಹಾಗಾಗಿ ಹಗೆಗೂ ಬೇರೆ ಯಾರೂ ಸಿಗುತ್ತಿರಲಿಲ್ಲ.

ಹಗೆಗೆ ಕಾರಣ ಮುಸ್ತಿ. ಹನ್ನೊಂದು ವರ್ಷದ ಕರಿ ನಾಯಿ. ಗಂಡ ಸತ್ತ ಮೇಲೆ ಹೆಲ್ವಿ ಮಾತಾಡುತ್ತಿದ್ದದ್ದು ಅದರ ಜೊತೆಗೆ ಮಾತ್ರ. ಹೋದ ವರ್ಷ ಅಕ್ಟೋಬರಿನಲ್ಲಿ ಮಿನೆಸೋಟದಲ್ಲಿ ಅಕ್ಕನ ಮಗಳ ಮದುವೆ ಅಂತ ಹೋಗುವಾಗ ನಾಯಿಯನ್ನು ಲೈಲ್‌ಗೆ ಒಪ್ಪಿಸಿದ್ದಳು. ಹೊಸ ಚೀಲದ ನಾಯಿ ಆಹಾರ ಕೊಟ್ಟು, ಹೊತ್ತಿಗೆ ಎರಡು ಬಟ್ಟಲು ಎಂದು ಬಟ್ಟಲನ್ನೂ ಕೊಟ್ಟು ಹೋಗಿದ್ದಳು. ಅವಳು ವಾಪಸ್ ಬಂದ ಮೂರನೇ ದಿನ ಮುಸ್ತಿ ಊಟ ಬಿಟ್ಟಿತು. ಮೈ ಕಾದ ಹೆಂಚು. ಆಮೇಲೆ ವಾಂತಿ, ಆಮೇಲೆ ರಕ್ತಭೇದಿ.

"ಹಸಿ ಸಾಲ್ಮನ್ ಏನಾದ್ರೂ ತಿಂದಿದ್ಯಾ ಹೆಲ್ವಿ ಅವ್ರೇ?" ನಾಯಿ ಡಾಕ್ಟರು ಓಯ್ಲರ್ ಕೇಳಿದ ಮೊದಲ ಪ್ರಶ್ನೆಯೇ ಅದು. ಒರೆಗಾನ್ ಕರಾವಳಿಯಲ್ಲಿ ಯಾವ ಡಾಕ್ಟರಾದರೂ ಮೊದಲು ಕೇಳುವುದು ಅದನ್ನೇ.

ಹೆಲ್ವಿಗೆ ಅವಮಾನವಾದಂತಾಗಿತ್ತು. "ಏನ್ ಡಾಕ್ಟ್ರೇ ಹೀಗ್ ಕೇಳ್ತೀರ! ಮೂರು ತಲೆಮಾರಿಂದ ಈ ನದೀಲಿ ಬಲೆ ಬೀಸಿದೋರು ನಾವು. ನಮ್ಮನೆ ನಾಯಿಗೆ ಹಸಿ ಮೀನಾ? ನಮ್ಮಪ್ಪನ ಆಣೆ, ಮೂಸಿ ನೋಡೋಕೂ ಬಿಟ್ಟಿಲ್ಲ."

ಈ ನದಿಗಳ ಮೀನಿನಲ್ಲಿ ಕಣ್ಣಿಗೆ ಕಾಣದ ಹುಳ, ಆ ಹುಳದ ಹೊಟ್ಟೆಯಲ್ಲಿ ನಾಯಿಯನ್ನು ಕೊಲ್ಲುವ ಜ್ವರ. ಬೇಯಿಸಿದರೆ ಏನೂ ಇಲ್ಲ, ಹಸಿ ತಿಂದರೆ ವಾರಕ್ಕೆ ಜ್ವರ, ಎರಡನೇ ವಾರಕ್ಕೆ ಗುಂಡಿ. ಮೊದಲ ಎರಡು ಮೂರು ದಿನದಲ್ಲಿ ಸರಿಯಾದ ಔಷಧ ಬಿದ್ದರೆ ನಾಯಿ ಎದ್ದು ಬಾಲ ಆಡಿಸುತ್ತದೆ. ಇಲ್ಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಡಾಕ್ಟರು ಅವಳ ಆಣೆಯನ್ನು ನಂಬಿ ಬೇರೆ ಯಾವುದೋ ರೋಗಕ್ಕೆ ಮದ್ದು ಕೊಟ್ಟರು. ಮುಸ್ತಿ ಐದನೇ ದಿನ ಸತ್ತಿತು. ಗುಂಡಿ ತೋಡಿದವನು ಲೈಲ್, ಕಣ್ಣೀರು ಒರೆಸಿಕೊಂಡೇ ತೋಡಿದ.

ನಾಯಿಯ ತಟ್ಟೆ ಎತ್ತಿಡಲು ಹೋದಾಗ ತನ್ನ ಕೊಟ್ಟಿಗೆಯಲ್ಲಿ, ಲೈಲ್‌ಗೆ ಕೊಟ್ಟಿದ್ದ ಆ ಚೀಲ ಹೆಲ್ವಿಗೆ ಕಂಡಿತು. ಹೊಲಿಗೆ ಬಿಚ್ಚಿರಲಿಲ್ಲ. ಹಿಂದುಗಡೆ, ಮುಸ್ತಿ ಮಲಗುತ್ತಿದ್ದ ಜಾಗದಲ್ಲಿ, ಆರು ಮೀನಿನ ದವಡೆ.

ಅವತ್ತೇ ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕಿತ್ತು. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿಗೆ ಸೇರಿದಾಗ ಹಿಡಿಯೋಣ ಅಂದುಕೊಂಡಳು. ಅಲ್ಲಿ ಲೈಲ್ ಒಂದು ಕೈಯಲ್ಲಿ ಏಲಕ್ಕಿ ಬ್ರೆಡ್ಡು, ಒಂದು ಕೈಯಲ್ಲಿ ಕಾಫಿ ಹಿಡಿದು ಹತ್ತು ಜನರ ಮುಂದೆ ಭಾಷಣ ಮಾಡುತ್ತಿದ್ದ. "ಚೀಲದ ಊಟ ಕಣ್ರೀ ಆ ನಾಯೀನ ಕೊಂದಿದ್ದು. ಬರೀ ಜೋಳದ ಹಿಟ್ಟು. ನಾನ್ ನೋಡ್ಕೊಂಡ ನಾಲ್ಕ್ ದಿನಾನಾದ್ರೂ ಒಳ್ಳೇದು ತಿಂತಲ್ಲ ಪಾಪ, ಅಷ್ಟೇ ಸಮಾಧಾನ."

ಗಾಯದ ಮೇಲೆ ಬರೆ. ಹೆಲ್ವಿಯ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಈಗ ಹೇಳಿದರೆ ಏನಾಗುತ್ತದೆ? "ಅಯ್ಯೋ ಸಾರಿ" ಅನ್ನುತ್ತಾನೆ, ನಾಲ್ಕು ಹನಿ ಕಣ್ಣೀರು ಹಾಕುತ್ತಾನೆ, ಊರವರು ಅವನ ಬೆನ್ನು ಸವರುತ್ತಾರೆ. ಅಷ್ಟಕ್ಕೆ ಮುಸ್ತಿಯ ಪ್ರಾಣ ಚುಕ್ತಾ. ತಾನೋ, ಆಣೆ ಹಾಕಿ ತನ್ನ ನಾಯಿಯ ಮದ್ದನ್ನು ತಾನೇ ತಪ್ಪಿಸಿದವಳು, ಅದನ್ನು ಯಾರ ಮುಂದೆ ಅಳುವುದು? ಡಾಕ್ಟರಿಗೆ ಮಾತ್ರ ಹೋಗಿ ಮೀನಿನ ವಿಷಯ ಹೇಳಿದಳು. ಕೊಟ್ಟವನ ಹೆಸರು ಹೇಳಲಿಲ್ಲ. ಹೆಸರನ್ನು ತನಗೇ ಇಟ್ಟುಕೊಂಡಳು.

ಈ ಅಕ್ಟೋಬರಿನಲ್ಲಿ, ಒಂದು ಗುರುವಾರ, ಲೈಲ್ ಕೋಟಿನೊಳಗೆ ಏನನ್ನೋ ಅವುಚಿಕೊಂಡು ಇವಳ ಬಾಗಿಲು ತಟ್ಟಿದ. ಕೋಟಿನ ಗುಂಡಿಗಳ ನಡುವಿನಿಂದ ಬೂದು ಬಣ್ಣದ ಮೂತಿ ಹೊರಗೆ ಬಂತು.

"ನೋಡು ಹೆಲ್ವಿ, ಟೋಕ್ ಅಂತ ಹೆಸರಿಟ್ಟಿದೀನಿ. ಒಂಬತ್ತು ವಾರ. ನಮ್ಮ ಅಲಾಸ್ಕಾ ಕಡೇ ಜಾತಿ." ಅರವತ್ತೈದರ ಗಂಡಸು ಮಗು ಹೆತ್ತವನ ಹಾಗೆ ನಗುತ್ತಿದ್ದ. "ಒಳಗ್ ಬರ್ಲಾ? ಇವನ್ ಊಟದ್ದು ಸ್ವಲ್ಪ ಕೇಳ್ಬೇಕು. ನಮ್ಮಲ್ಲಿ ಹಿಮದ ಗಾಡಿ ಎಳೆಯೋ ನಲವತ್ತು ಸ್ಲೆಡ್ ನಾಯಿ ಇದ್ವು, ಎಲ್ಲಕ್ಕೂ ಒಂದೇ ಹಂಡೆ. ಈಗ ಅಂಗಡಿಗ್ ಹೋದ್ರೆ ತಲೆ ತಿರುಗತ್ತೆ ಮಾರಾಯ್ತಿ, ಒಂದ್ ಗೋಡೆ ಪೂರ್ತಿ ಚೀಲ! ಮುಸ್ತಿ ಹೋದ್ಮೇಲೆ ನೀನು ಇದನ್ನೆಲ್ಲ ಓದ್ಕೊಂಡಿದೀಯ ಅಂದ್ರು."

ಓದಿಕೊಂಡದ್ದು ನಿಜ. ಎಲ್ಲವೂ ಮುಗಿದ ಮೇಲೆ ಓದುವವರ ಹಾಗೆ, ಹಟದಿಂದ ಓದಿದ್ದಳು. ಕಾಫಿ ಬಗ್ಗಿಸಿ ಎದುರು ಕೂತಳು.

"ಚೀಲದ ಮೇಲೆ ಏನ್ ನೋಡ್ಲಿ?"

"ಬೆಳೆಯೋ ಮರಿಗೆ ಅಂತ ಬರ್ದಿರ್ಬೇಕು. ದೊಡ್ಡ ಜಾತಿ ಮರಿಗೆ ಅಂತಿದ್ರೆ ಅದನ್ನೇ ತಗೋ. ಸುಣ್ಣದಂಶ ಜಾಸ್ತಿಯಾದ್ರೆ ಮೂಳೆ ಸೊಟ್ಟ ಬೆಳೀತವೆ."

"ದ್ರಾಕ್ಷಿ?"

"ಒಂದು ಒಣದ್ರಾಕ್ಷೀನೂ ಬೇಡ. ಕಿಡ್ನಿ ಹೋಗತ್ತೆ."

"ನನ್ ತಟ್ಟೇದು ಮಿಕ್ಕಿದ್ದು? ಸಾರು, ಗೀರು?"

"ಈರುಳ್ಳಿ ಇದ್ರೆ ಬೇಡ. ಬೇಯಿಸಿದ್ರೂ ವಿಷಾನೇ ಅದು."

"ಕಡ್ಲೆಕಾಯಿ ಬೆಣ್ಣೆ ಅಂದ್ರೆ ಪ್ರಾಣ ಬಿಡ್ತಾನೆ ನನ್ಮಗ."

"ಡಬ್ಬಿ ಓದಿ ಕೊಡು. ಸಕ್ಕರೆ ಬದ್ಲು ಕ್ಸೈಲಿಟಾಲ್ ಅಂತ ಹಾಕಿರ್ತಾರೆ. ಅದಿದ್ರೆ ಮುಟ್ಟಿಸ್ಬೇಡ, ಗಂಟೇಲಿ ಬೀಳತ್ತೆ."

ಲೈಲ್ ಒಂದೊಂದನ್ನೂ ಲಕೋಟೆಯ ಹಿಂದೆ ಬರೆದುಕೊಂಡ. ಮರಿ ಮೇಜಿನ ಕೆಳಗೆ ಹೆಲ್ವಿಯ ಕಾಲುಚೀಲ ಎಳೆಯುತ್ತಿತ್ತು.

"ಕೊನೇದು. ಅಂಗಡಿಯವಳು ಏನೋ ಅಂದ್ಲು, ಇಲ್ಲಿ ಮೀನು ನಾಯಿಗೆ ಆಗ್ಬರಲ್ಲ ಅಂತ. ಹೌದಾ? ನಮ್ಮಲ್ಲಿ ಎಲ್ಲಾ ನಾಯೀನೂ ಸಾಲ್ಮನ್ ಮೇಲೇ ಬೆಳ್ದಿದ್ದು. ನೀನ್ ಇಲ್ಲೇ ಹುಟ್ದೋಳು, ನೀನ್ ಹೇಳಿದ್ರೆ ಸರಿ."

ಬೇಲಿಯಾಚೆ ಅವನ ಅಂಗಳದಲ್ಲಿ ಆ ದಿನ ಹಿಡಿದ ಮೀನುಗಳು ತೂಗುತ್ತಿದ್ದವು. ಹೆಲ್ವಿ ಒಂದು ಗುಟುಕು ಕಾಫಿ ಕುಡಿದಳು. ನಾಲ್ಕು ನಿಜ ಹೇಳಿದ ಬಾಯಿಗೆ ಐದನೆಯದು ಸುಲಭವಾಗಿ ಬಂತು.

"ಅಜ್ಜಿ ಕಾಲದ ಮಾತು ಅದು. ಹಾಕು, ಏನಾಗಲ್ಲ."

ಮಾಡಿದ್ದುಣ್ಣೋ ಮಹಾರಾಯ! ಅಂದು ಸಂಜೆ ಕಿಟಕಿಯಲ್ಲಿ ನಿಂತು ಅವಳು ನೋಡಿದಳು. ಲೈಲ್ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಮೀನಿನ ತಲೆ ಕತ್ತರಿಸಿ ಮರಿಯ ಮುಂದಿಟ್ಟ. ಅದು ಮರಿಯ ತಲೆಗಿಂತ ದೊಡ್ಡದಿತ್ತು, ಮರಿ ಎರಡೂ ಕಾಲಿಂದ ತಬ್ಬಿಕೊಂಡು ತಿಂದಿತು. ಹೆಲ್ವಿಗೆ ಸಂತೋಷವಾಯಿತು. ಇದರಲ್ಲಿ ಮುಚ್ಚುಮರೆ ಏಕೆ, ಒಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ಊಟ ರುಚಿಸಿತು.

ಆರು ದಿನ ಎಣಿಸಿದಳು. ಬುಧವಾರ ಬೆಳಗ್ಗೆ ಲೈಲ್ ಫೋನು. "ಟೋಕ್ ಏನೂ ತಿಂತಿಲ್ಲ ಕಣೇ. ಮೈ ಸುಡ್ತಿದೆ. ಹೊಸ ಜಾಗ, ಅದಕ್ಕಿರ್ಬಹುದಾ?"

"ಇರ್ಬಹುದು," ಅಂದಳು. ಫೋನಿಟ್ಟು ರೊಟ್ಟಿ ಹಿಟ್ಟು ನಾದಿದಳು. ಒದ್ದಾಡಲಿ. ನಾನು ಒದ್ದಾಡಿದ್ದೆನಲ್ಲ, ಅಷ್ಟಾದರೂ ಒದ್ದಾಡಲಿ.

ಮಧ್ಯಾಹ್ನ ಮತ್ತೆ ಕಿಟಕಿಗೆ ಹೋದಳು. ಲೈಲ್ ಹುಲ್ಲಿನ ಮೇಲೆ ಬೋರಲು ಮಲಗಿ ಮರಿಯ ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿದ್ದ. ಅದನ್ನು ಕಂಡು ಹೆಲ್ವಿಯ ಮನಸ್ಸು ಕರಗಿತು ಅಂತ ಯಾರಾದರೂ ಅಂದುಕೊಂಡರೆ ಅದು ಸುಳ್ಳು. ಅವಳಿಗೆ ಹೊಳೆದದ್ದು ಬೇರೆಯೇ. ಈ ಮರಿ ಹೀಗೇ ಸತ್ತರೆ ಇವನಿಗೆ ಏನೂ ತಿಳಿಯುವುದಿಲ್ಲ. "ಆಯಸ್ಸು ಅಷ್ಟೇ ಇತ್ತು" ಅಂತ ಗುಂಡಿ ತೋಡಿ, ಭಾನುವಾರ ಕಾಫಿಗೆ ಹೋಗಿ ಮತ್ತೊಂದು ಭಾಷಣ ಮಾಡುತ್ತಾನೆ. ಡಾಕ್ಟರ ಬಾಯಿಂದ ತಾನು ಕೇಳಿದ್ದನ್ನು ಇವನ ಕಿವಿಯೂ ಕೇಳಬೇಕು. ಹಸಿ ಮೀನು ಹಾಕಿದ್ರಾ ಅಂತ ಅವರು ಕೇಳಬೇಕು, ಇವನು ಹೌದು ಅನ್ನಬೇಕು. ಆಗ ತಾನು ಒಂದು ವರ್ಷದಿಂದ ಕಾಪಾಡಿಕೊಂಡು ಬಂದ ಮಾತನ್ನು ಇವನ ಮುಖಕ್ಕೆ ಎಸೆಯಬೇಕು: ಮುಸ್ತಿಗೂ ನೀನೇ ಹಾಕಿದ್ದು.

ಕಾರಿನ ಬೀಗದಕೈ ತಗೊಂಡು ಹೊರಟಳು. "ಹತ್ತು, ಡಾಕ್ಟರ ಹತ್ರ ಹೋಗೋಣ," ಅಂದಳು. ಲೈಲ್‌ನ ಪಿಕಪ್ಪು ರಿಪೇರಿಗೆ ಹೋಗಿತ್ತು. ಅವನು ಅವಳ ಕೈ ಹಿಡಿದು, "ದೇವ್ರು ಕಣೇ ನೀನು," ಅಂದ. ಮೂರು ಮೈಲಿ ದಾರಿಯುದ್ದಕ್ಕೂ ಅದನ್ನೇ ಹೇಳಿದ.

ಡಾಕ್ಟರು ಓಯ್ಲರ್ ಮರಿಯ ವಸಡು ನೋಡಿದರು, ಜ್ವರ ನೋಡಿದರು, ತಲೆ ಎತ್ತಿದರು. "ಹಸಿ ಸಾಲ್ಮನ್ ಏನಾದ್ರೂ ತಿಂದಿದ್ಯಾ?"

ಹೆಲ್ವಿ ಲೈಲ್‌ನ ಮುಖವನ್ನೇ ನೋಡಿದಳು.

"ತಿಂದಿದೆ ಡಾಕ್ಟ್ರೇ," ಅಂದ ಲೈಲ್. "ಹೋದ ಗುರುವಾರ, ಒಂದ್ ತಲೆ. ಸುಮ್ನೆ ಹಾಕ್ಲಿಲ್ಲ ಮತ್ತೆ, ಹೆಲ್ವೀನ ಕೇಳಿ ಹಾಕಿದ್ದು. ಏನಾಗಲ್ಲ, ಹಾಕು ಅಂದ್ಲು."

ಇಷ್ಟೆಲ್ಲ ಹೊಂಚು ಹಾಕಿದವಳು ಇದೊಂದನ್ನು ಮರೆತಿದ್ದಳು. ಅವನು ಸುಳ್ಳು ಹೇಳಬಹುದು, ತೊದಲಬಹುದು ಅಂತ ಅಂದುಕೊಂಡಿದ್ದಳೇ ಹೊರತು ಇದ್ದದ್ದನ್ನು ಇದ್ದ ಹಾಗೆ ಹೇಳಿಯಾನು ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಡಾಕ್ಟರು ಹೆಲ್ವಿಯ ಕಡೆ ನೋಡಿದರು. ಹೋದ ವರ್ಷ ಇದೇ ಕೋಣೆಯಲ್ಲಿ ಮೀನಿನ ದವಡೆಯನ್ನು ಕೈಯಲ್ಲಿ ಹಿಡಿದುಕೊಂಡು ಅತ್ತವಳನ್ನು ಅವರು ಮರೆತಿರಲಿಲ್ಲ. ಬೈಯಲಿಲ್ಲ. ಸೂಜಿಗೆ ಮದ್ದು ತುಂಬುತ್ತ, "ನೀವು ಹೊರಗ್ ಕೂತ್ಕೊಳ್ಳಿ ಹೆಲ್ವಿ ಅವ್ರೇ," ಅಂದರು.

ಹೊರಗೆ ಕೂತವಳಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ತನ್ನ ಮಾತು ಹೇಳುವುದಕ್ಕೂ ಬಿಡಲಿಲ್ಲವಲ್ಲ ಅಂತ. ಅರ್ಧ ಗಂಟೆಯ ಮೇಲೆ ಲೈಲ್ ಬಂದ. ಕೋಟಿನೊಳಗೆ ಮರಿ, ಕೈಯಲ್ಲಿ ಮಾತ್ರೆಯ ಪೊಟ್ಟಣ, ಊಟದ ಚೀಟಿ: ನಾಲ್ಕು ದಿನ ಬೇಯಿಸಿದ ಕೋಳಿ, ಅನ್ನ, ಆಮೇಲೆ ದೊಡ್ಡ ಜಾತಿ ಮರಿಯ ಚೀಲ.

"ಬದುಕತ್ತಂತೆ," ಅಂದ. "ಸರಿಯಾದ ಹೊತ್ತಿಗೆ ತಂದ್ರಿ ಅಂದ್ರು."

ಅವಳು ಎದ್ದು ನಿಂತಳು. ಹೇಗಾದರೂ ಆಗಲಿ, ಹೇಳಿಯೇಬಿಡಬೇಕು. "ಮುಸ್ತಿಗೂ ನೀನೇ ಹಾಕಿದ್ದು ಲೈಲ್. ಆರು ತಲೆ. ಅದ್ರಿಂದಾನೇ ಸತ್ತಿದ್ದು. ಮೇಲಿಂದ ಚರ್ಚಲ್ಲಿ ನಿಂತು ನನ್ ಚೀಲಾನ ಬೈದೆ."

ಅವನ ಮುಖ ಇಳಿಯುವುದನ್ನು ಅವಳು ಕಣ್ತುಂಬ ನೋಡಿದಳು. ವರ್ಷವಿಡೀ ಕಾದದ್ದು ಇದಕ್ಕೇ. ಅವನು ಗೋಡೆಗೆ ಕೈ ಊರಿದ.

"ನಂಗೊತ್ತಿರ್ಲಿಲ್ಲ," ಅಂದ. "ದೇವ್ರಾಣೆ ಗೊತ್ತಿರ್ಲಿಲ್ಲ ಹೆಲ್ವಿ. ಪ್ರೀತಿಯಿಂದ ಹಾಕ್ದೆ." ಕೋಟಿನ ಮೇಲೆ ಕೈಯಿಟ್ಟು ಮರಿಯನ್ನು ಮುಚ್ಚಿಕೊಂಡ. "ನಿಂಗೊತ್ತಿತ್ತು."

ಲೈಲ್ ಬಾಗಿಲು ತಳ್ಳಿಕೊಂಡು ಹೋದ. ಅವಳ ಕಾರಿನ ಪಕ್ಕದಲ್ಲೇ ಹಾದು ರಸ್ತೆಗಿಳಿದು ನಡೆಯತೊಡಗಿದ.

ಸೇತುವೆಯ ಹತ್ತಿರ ಅವನನ್ನು ಹಿಡಿದು ಗಾಜು ಇಳಿಸಿದಳು. "ಹತ್ತು ಲೈಲ್. ಹುಷಾರಿಲ್ಲದ ಮರಿ, ಚಳಿ ಆಗತ್ತೆ ಅದಕ್ಕೆ."

ಅವನು ನಿಂತ. ಸಿಟ್ಟೂ ಇರಲಿಲ್ಲ ಮುಖದಲ್ಲಿ, ಕಣ್ಣೀರೂ ಇರಲಿಲ್ಲ. ಬಾವಿಯ ಹತ್ತಿರ ಮಗುವನ್ನು ಎತ್ತಿಕೊಳ್ಳುವವರ ಹಾಗೆ ಮರಿಯನ್ನು ಆಚೆಯ ಮಗ್ಗುಲಿಗೆ ಬದಲಿಸಿಕೊಂಡ.

"ಚಳಿಗೆ ಇವ್ನು ಸಾಯಲ್ಲ," ಅಂದ. ಮತ್ತೆ ನಡೆದ.

ಮನೆಗೆ ಇನ್ನೂ ಎರಡೂವರೆ ಮೈಲಿ ಇತ್ತು. ಅವನನ್ನು ದಾಟಿ ಮುಂದೆ ಹೋಗಲು ಹೆಲ್ವಿಗೆ ಧೈರ್ಯವಾಗಲಿಲ್ಲ. ನಡಿಗೆಯ ವೇಗದಲ್ಲಿ ಕಾರು ಬಿಟ್ಟುಕೊಂಡು ಹಿಂದೆ ಹಿಂದೆಯೇ ಹೋದಳು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.